ಮುಟ್ಟಿದರೆ ಮುನಿ

ಮೊದಲ ಸಲ ಕಟ್ಟಿದ್ದು ಅಲ್ಯೂಮಿನಿಯಂ ಕಂಬಿಯಲ್ಲಿ.
ಹಗುರ, ಚೆಂದ. ಕಾಮಾಕ್ಷಿಪಾಳ್ಯದ ಈ ಶೆಡ್ಡಿಗೆ
ಬಂದವರೆಲ್ಲ ಫೋಟೋ ತೆಗೆದರು.
ಹಿತ್ತಾಳೆಗೆ ಕಟರ್ ತಾಗಿದ್ದೇ ತಡ
ನಿದ್ದೆಯಲ್ಲಿ ಹಲ್ಲು ಕಡಿಯುವ ಸದ್ದು;
ಚಕ್ಕುಲಿ ಬಿಲ್ಲೆಯ ನಕ್ಷತ್ರದ ಅಂಚಿಗೆಲ್ಲ
ಇಲಿ ಕಚ್ಚಿದ ಗುರುತು.

ದೇವಸಹಾಯಂ ಮೇಸ್ತ್ರಿ ಟೀ ಲೋಟ ಕೆಳಗಿಟ್ಟು
ಸ್ಪಿಂಡಲ್ಲಿಗೆ ಒಂದೇ ಹೆಬ್ಬೆರಳು ಒತ್ತಿದರು.
ಡಯಲಿನ ಮುಳ್ಳು ನಲವತ್ತು ಗೆರೆ ಓಡಿತು.
ನಗಲಿಲ್ಲ.
"ಮಿಷಿನ್ ಕಟ್ಟಮ್ಮಾ ಅಂದ್ರೆ
ಮುಟ್ಟಿದರೆ ಮುನಿ ಬೆಳೆಸಿದ್ದೀಯ."

ಬಿಚ್ಚಿದೆ.
ಬೋಲ್ಟುಗಳನ್ನು ಅಳತೆವಾರು ಉಪ್ಪಿನಕಾಯಿ ಬಾಟಲಿಗೆ ತುಂಬಿದೆ.
ಜಾಲಿ ಮೊಹಲ್ಲಾದಲ್ಲಿ ಅಜ್ಮತ್ ಪಾಷಾ
ಕಬ್ಬಿಣದ ರೇಟಿಗೇ ತೂಗಿ ಕೊಟ್ಟ ಬಾಲ್ ಸ್ಕ್ರೂ:
ಸೀಮೆಎಣ್ಣೆಯಲ್ಲಿ ತೊಳೆದಾಗ
ಜಿಡ್ಡಿನಡಿ ಓದಲಾಗದ ಜಪಾನಿ ಅಕ್ಷರ.
ಜಿಗಣಿಯಲ್ಲಿ ಯಾರದೋ ಅಡುಗೆಕಟ್ಟೆಗೆಂದು ಕೊಯ್ದು
ಸಿಂಕಿನ ತೂತು ತಪ್ಪಾಗಿ ಮೂಲೆ ಸೇರಿದ್ದ
ನಾಲ್ಕು ಕರಿಕಲ್ಲ ಚಪ್ಪಡಿ.
ಒಂದರ ಮೇಲೊಂದು ಅಂಟಿಸಿ, ತೂತಿಗೆ
ಕಲ್ಲುಪುಡಿ ಎಪಾಕ್ಸಿ ಕಲಸಿ ಹೊಯ್ದಾಗ
ಬಾಗಿಲಲ್ಲಿ ನಿಂತ ಓನರ್ ಹೊಂಬಾಳಮ್ಮ,
"ಯಾರದೇ ಇದು ಸಮಾಧಿ?"

ಕಲ್ಲಿನ ಮೇಲೆ ಬೀಡುಕಬ್ಬಿಣದ ಪಟ್ಟಿ.
ಮೇಸ್ತ್ರಿ ತಮ್ಮ ಮಟ್ಟಗೋಲಿಗೆ
ಮಗುವಿಗೆ ಎಣ್ಣೆ ಹಚ್ಚಿದಂತೆ ನೀಲಿ ಸವರಿ
ಪಟ್ಟಿಯ ಮೇಲೆ ಮೆಲ್ಲಗೆ ಉಜ್ಜಿದರು.
ಹತ್ತಿದ್ದು ದಿಣ್ಣೆ. ಹತ್ತದ್ದು ತಗ್ಗು.
"ನೀಲಿ ಇರೋ ಕಡೆ ಕೆರೆ."
ಕೆರೆದೆ.
"ಇನ್ನೂ ಕೆರೆ."

ಹಗಲೆಲ್ಲ ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸು
ನೆಲಕ್ಕೆ ಒದೆಯುತ್ತದೆ, ಅಳತೆ ನಿಲ್ಲುವುದಿಲ್ಲ.
ಅದು ಬಾಯಿ ಮುಚ್ಚಿದ ಮೇಲೆ ನಮ್ಮ ಪಾಳಿ.
ಹದಿನೆಂಟು ರಾತ್ರಿ. ಉಗುರಿನ ಸಂದಿ ನೀಲಿ,
ಊಟದ ತಟ್ಟೆ ನೀಲಿ, ಒರೆಸಿಕೊಂಡ ಮೂಗು ನೀಲಿ.

ಹತ್ತೊಂಬತ್ತನೆಯ ರಾತ್ರಿ
ರಸಮಟ್ಟದ ಗುಳ್ಳೆ ಬಡಗಣಕ್ಕೆ ಜಾರಿತ್ತು.
ಕಲ್ಲು ಬಾಗಿರಲಿಲ್ಲ.
ನೆಲ ಇಳಿದಿತ್ತು.

"ಇಳೀದೆ ಏನು ಮಾಡುತ್ತೆ," ಅಂದರು ಹೊಂಬಾಳಮ್ಮ.
"ಇದು ಕೆರೆ ಕಣೆ ಮೊದಲು.
ನಮ್ಮತ್ತೆ ಇಲ್ಲೇ ಬಟ್ಟೆ ಒಗೀತಿದ್ದರು.
ನಿನ್ನ ಮಿಷಿನ್ ಕೂತಿದೆಯಲ್ಲ,
ಅಲ್ಲಿ ಸೊಂಟಮಟ್ಟ ನೀರು."

ಕೆರೆಯ ಮೇಲೆ ಕೂತು
ಇಷ್ಟು ದಿನ ಕೆರೆದಿದ್ದೆ.

ಬೆಳಿಗ್ಗೆ ಮೇಸ್ತ್ರಿ ಬಗ್ಗಿ ನೋಡಿ
ಸ್ಪ್ಯಾನರ್ ಕೇಳಿ, ಒಂದು ಕಾಲು ಬಿಚ್ಚಿಬಿಟ್ಟರು.
"ನಾಲ್ಕಿದ್ದರೆ ಯಾವುದೋ ಒಂದು ಸುಳ್ಳು ಹೇಳುತ್ತೆ.
ಮೂರು ಸಾಕು. ನೆಲ ಎತ್ತ ಇಳಿದರೂ
ಇದೂ ಅತ್ತ ಓರೆಯಾಗುತ್ತೆ, ಅಷ್ಟೇ.
ಓರೆಯಾಗಲಿ. ತಿರುಚಿಕೊಳ್ಳಬಾರದು."
ನಾಲ್ಕನೆಯ ಕಾಲು ಈಗ
ಹೊಂಬಾಳಮ್ಮನ ಬಾಗಿಲಿಗೆ ಒತ್ತು.

ಮತ್ತೆ ಅದೇ ಹೆಬ್ಬೆರಳು, ಅದೇ ಡಯಲು.
ಒಂದೂವರೆ ಗೆರೆ.
ಸೊನ್ನೆ ಬರುತ್ತದೆಂದು ಕಾದಿದ್ದ ನನ್ನ ಮುಖ ನೋಡಿ
ಸೀಮೆಸುಣ್ಣ ಕೈಗಿತ್ತರು.
ಗೋಡೆಯ ಮೇಲೆ ನಲವತ್ತರ ಕೆಳಗೆ
ಬರೆದೆ, ತಾರೀಖು ಸಮೇತ.
ಬರೆಯುತ್ತಿದ್ದಾಗ ನೀರಿನ ಟ್ಯಾಂಕರ್ ಹಾದುಹೋಯಿತು;
ಮುಳ್ಳು ಅರೆಗೆರೆ ಅತ್ತ ಹೋಗಿ
ತಾನೇ ವಾಪಸ್ಸು ಬಂತು.

ಹಿತ್ತಾಳೆ ಈ ಸಲ ಕಿರುಚಲಿಲ್ಲ.
ಒದ್ದೆ ಬಟ್ಟೆ ಹರಿದಂತೆ ಒಂದೇ ಸದ್ದು,
ಚಿನ್ನದ ಬಣ್ಣದ ಸುರುಳಿ ಪಾದದ ಮೇಲೆ ಬಿಸಿಬಿಸಿ.

ಮೊದಲ ಬಿಲ್ಲೆ ಹೊಂಬಾಳಮ್ಮನಿಗೆ.
ಸಂಜೆ ಪೇಪರಿನಲ್ಲಿ ಸುತ್ತಿ ತಂದರು:
ಮುಳ್ಳು ಮುಳ್ಳೂ ಎದ್ದ ಚಕ್ಕುಲಿ ಎಂಟು,
ಒಂದರ ಸುತ್ತು ಮಾತ್ರ ನಡುವೆ ಮುರಿದಿತ್ತು.
"ಅದು ಹಿಟ್ಟಿನ ತಪ್ಪು" ಎಂದರು,
ನಾನಿನ್ನೂ ಕೇಳಿರಲಿಲ್ಲ.